ಮಕ್ಕಳಿಗೆ ರಜೆ, ಮೇಷ್ಟರಿಗೆ ಸಮೀಕ್ಷೆ

ಮಾನ್ಯರೇ,

2025ರ ದಸರಾ ರಜೆ ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು. ಶಿಕ್ಷಕರು ಮನೆಮನೆಗೆ ಹೋಗಿ ನಡೆಸುತ್ತಿದ್ದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಮುಗಿಯಲಿಲ್ಲವೆಂದು ಸರ್ಕಾರಿ, ಅನುದಾನಿತ ಶಾಲೆಗಳಿಗೆ ಅದು 18ರವರೆಗೆ ಬೆಳೆಯಿತು. ಖಾಸಗಿ ಶಾಲೆಯ ಬಸ್ಸು ಮಾತ್ರ ಎಂದಿನಂತೆ ಓಡಾಡುತ್ತಿತ್ತು. ನಮ್ಮ ಮನೆಗೆ ಬಂದ ಶಿಕ್ಷಕಿ ನೆಟ್‌ವರ್ಕ್ ಸಿಗದೆ ಮೊಬೈಲ್ ಹಿಡಿದು ಅಂಗಳದ ತುಳಸಿಕಟ್ಟೆಯ ಬಳಿ ಅರ್ಧ ಗಂಟೆ ನಿಂತಿದ್ದರು. ಕೊಟ್ಟ ಕಾಫಿ ಆರಿಹೋಯಿತು.

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ತರಗತಿವರೆಗೆ ವರ್ಷಕ್ಕೆ 200, ಆರರಿಂದ ಎಂಟರವರೆಗೆ 220 ದಿನ ಶಾಲೆ ನಡೆಯಬೇಕು. ದಶವಾರ್ಷಿಕ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟರೆ ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ಹಚ್ಚಬಾರದೆಂದೂ ಅದರಲ್ಲೇ ಇದೆ. ಹೋದ ದಿನಗಳನ್ನು ಹೆಚ್ಚುವರಿ ತರಗತಿ ನಡೆಸಿ ಸರಿದೂಗಿಸಿ ಎಂಬುದು ಸಿದ್ಧ ಉತ್ತರ. ಮಲೆನಾಡಿನಲ್ಲಿ ಮಳೆ ರಜೆಗಾಗಿ ಶನಿವಾರದ ಮಧ್ಯಾಹ್ನಗಳನ್ನು ಆಗಲೇ ಒತ್ತೆಯಿಟ್ಟಾಗಿದೆ. ಪಾಪ, ಒಂದು ಶನಿವಾರ ಎಷ್ಟು ಸಾಲ ತೀರಿಸೀತು?

ಶಿಕ್ಷಕರೇ ಬೇಕೆಂದರೆ ಇಂಥ ಕೆಲಸವನ್ನು ಬೇಸಿಗೆ ರಜೆಗೆ ಇಟ್ಟುಕೊಂಡು, ಪ್ರತಿಯಾಗಿ ಗಳಿಕೆ ರಜೆ ಕೊಡಲಿ. ದಿನಾಂಕವನ್ನೂ ಜೂನ್‌ನ ಶೈಕ್ಷಣಿಕ ವೇಳಾಪಟ್ಟಿಯಲ್ಲೇ ಅಚ್ಚು ಹಾಕಿಸಲಿ.

– ಒಬ್ಬ ಪೋಷಕ, ತೀರ್ಥಹಳ್ಳಿ