ಚನ್ನಪಟ್ಟಣದ ಯೋಜನಾ ವರದಿಯನ್ನು ಮತ್ತೆ ಮಾಡಿಕೊಡಿ

ಇಂದ,
ಕಾರ್ಯದರ್ಶಿ,
ಗೊಂಬೆ ಕುಶಲಕರ್ಮಿಗಳು ಮತ್ತು ಅಂಗಡಿಯವರ ಸಂಘ,
ಚನ್ನಪಟ್ಟಣ

ಗೆ,
ಮುಖ್ಯಸ್ಥರು,
ಸಮುದಾಯ ಯೋಜನೆ ಮತ್ತು ಪ್ರಾದೇಶಿಕ ಅಭಿವೃದ್ಧಿ ಸಲಹಾ ವಿಭಾಗ,
ಬೆಂಗಳೂರು

ವಿಷಯ: ನೀವು ಕೊಟ್ಟ ಆರ್ಥಿಕ ಅಭಿವೃದ್ಧಿ ವರದಿ ಒಪ್ಪಂದದಂತೆ ಇಲ್ಲದಿರುವ ಬಗ್ಗೆ ದೂರು

ಮಾನ್ಯರೇ,

ನೀವು ಕಳಿಸಿದ ವರದಿ ಕೈಸೇರಿ ಮೂರು ವಾರ ಆಯಿತು. ಸಂಘದವರೆಲ್ಲ ಸಂಜೆ ಕೆಲಸ ಮುಗಿಸಿ ಬಂದು, ಕೂತು, ಒಂದು ಪುಟವನ್ನೂ ಬಿಡದೆ ಓದಿದ್ದೇವೆ. ಇಂಗ್ಲಿಷ್ ಬರುವ ಹುಡುಗರು ಓದಿ ಅರ್ಥ ಹೇಳಿದರು, ಮಿಕ್ಕವರು ಕೇಳಿಸಿಕೊಂಡೆವು. ಕೊನೆಯ ಪುಟ ಮುಗಿದಾಗ ಯಾರೂ ಮಾತಾಡಲಿಲ್ಲ. ಅಷ್ಟು ಬೇಜಾರಾಗಿತ್ತು.

ನಾವು ನಿಮ್ಮ ಹತ್ತಿರ ಬಂದದ್ದು ಯಾಕೆ ಅನ್ನುವುದನ್ನು ಮೊದಲು ನೆನಪಿಸುತ್ತೇನೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಇಷ್ಟೂ ಊರುಗಳನ್ನು ಪಕ್ಕಕ್ಕೆ ಬಿಟ್ಟು ಬೈಪಾಸ್ ಹೋಯಿತು. ಮೂರು ಗಂಟೆಯ ದಾರಿ ಒಂದೂವರೆ ಗಂಟೆಗೆ ಇಳಿಯಿತು. ಪ್ರಯಾಣ ಮಾಡುವವರಿಗೆ ಒಳ್ಳೆಯದೇ ಆಯಿತು, ಅದರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ನಮ್ಮ ಗೊಂಬೆ ಅಂಗಡಿಗಳು ಇರುವುದು ಹಳೇ ಹೆದ್ದಾರಿಯ ಬದಿಯಲ್ಲಿ. ಮೈಸೂರಿಗೆ ಹೋಗುವವರು ಕಾರು ನಿಲ್ಲಿಸಿ, ಮಕ್ಕಳಿಗೆ ಒಂದು ಬುಗುರಿಯನ್ನೋ ಮರದ ಕುದುರೆಯನ್ನೋ ಕೊಂಡರೆ ನಮ್ಮ ದಿನ ನಡೆಯುತ್ತಿತ್ತು. ಅಂಗಡಿಗೆ ಗಿರಾಕಿ ಬಾರದಿದ್ದರೆ ಒಳಬೀದಿಯಲ್ಲಿ ಲೇತ್ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ಮುಂದೆ ಕೂತವರಿಗೆ ಆರ್ಡರ್ ಇಲ್ಲ. ಅವರಿಗೆ ಆರ್ಡರ್ ಇಲ್ಲದಿದ್ದರೆ ಮರ ತರುವವನಿಗೂ ಕೆಲಸ ಇಲ್ಲ, ಅರಗಿನ ಕಡ್ಡಿ ಮಾಡುವವನಿಗೂ ಕೆಲಸ ಇಲ್ಲ. ರಸ್ತೆ ಪಕ್ಕಕ್ಕೆ ಸರಿದಿದ್ದಕ್ಕೆ ಇಷ್ಟು ಜನಕ್ಕೆ ಪೆಟ್ಟು ಬಿತ್ತು.

ಇನ್ನು ಮುಂದೆ ಗಿರಾಕಿಯನ್ನು ಊರೊಳಗೆ ಹೇಗೆ ಕರೆತರುವುದು, ಅಥವಾ ನಮ್ಮ ಸಾಮಾನನ್ನೇ ಗಿರಾಕಿ ಇರುವ ಕಡೆ ಹೇಗೆ ಒಯ್ಯುವುದು? ನಾವು ಕೇಳಿದ್ದು ಇಷ್ಟೇ. ಮನೆಮನೆ ಸಮೀಕ್ಷೆ, ಬೀದಿವಾರು ನಾಲ್ಕು ಸಭೆ, ಕರಡಿನ ಮೇಲೆ ನಮ್ಮ ಜೊತೆ ಚರ್ಚೆ, ಕನ್ನಡದಲ್ಲಿ ವರದಿ ಅಂತ ಒಪ್ಪಂದದಲ್ಲಿ ಬರೆದು ನೀವೇ ಸಹಿ ಮಾಡಿದ್ದೀರಿ. ಒಟ್ಟು 3 ಲಕ್ಷ 60 ಸಾವಿರ ರೂಪಾಯಿಯಲ್ಲಿ 2 ಲಕ್ಷ 70 ಸಾವಿರ ಕೊಟ್ಟಾಗಿದೆ. ಅದು ಖಾತೆಯಲ್ಲಿ ಸುಮ್ನೆ ಬಿದ್ದಿದ್ದ ದುಡ್ಡಲ್ಲ. ಅಂಗಡಿಯವರು ತಿಂಗಳಿಗಿಷ್ಟು ಅಂತ, ಲೇತ್ ಕೆಲಸದವರು ವಾರದ ಬಟವಾಡೆಯಲ್ಲಿ ಐವತ್ತು, ನೂರು ಅಂತ ತೆಗೆದು ಕೊಟ್ಟಿದ್ದು.

ನಾಲ್ಕು ಸಭೆಗಳಲ್ಲಿ ನಡೆದದ್ದು ಒಂದೇ. ಅದೂ ಬುಧವಾರ ಬೆಳಿಗ್ಗೆ 11 ಗಂಟೆಗೆ. ಪೀಸಿನ ಲೆಕ್ಕದಲ್ಲಿ ದುಡಿಯುವವರು ಆ ಹೊತ್ತಿಗೆ ಹೇಗೆ ಬರಬೇಕು ಹೇಳಿ. ನಮ್ಮಲ್ಲಿ ಲೇತ್ ನಡೆಸುವ, ಬಣ್ಣ ಹಾಕುವ ಹೆಂಗಸರು ಜಾಸ್ತಿ ಇದ್ದಾರೆ. ಅವತ್ತು ಬಂದವರು ಆರೇ ಮಂದಿ. ಅವರಲ್ಲಿ ಒಬ್ಬರು ಎದ್ದುನಿಂತು ಮರದ ರೇಟು, ಕರೆಂಟು ಹೋದ ದಿನ ಕೈತಪ್ಪುವ ಕೂಲಿ, ಎಲ್ಲ ಹೇಳಲು ಶುರುಮಾಡಿದರು. ನಿಮ್ಮ ಕಡೆಯವರು ಮಧ್ಯದಲ್ಲೇ ತಡೆದು, ‘ಅದನ್ನೆಲ್ಲ ಫಾರ್ಮ್‌ನಲ್ಲಿ ಬರೀರಿ ಅಕ್ಕ’ ಅಂದರು. ಫಾರ್ಮ್ ಇಂಗ್ಲಿಷಿನಲ್ಲಿತ್ತು. ಅವರು ಅದನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡು ಹೊರಟುಹೋದರು. ಸಂಜೆ ಅವರ ಮನೆಗೆ ಹೋಗಿ ನಾನೇ ಕ್ಷಮೆ ಕೇಳಿ ಬಂದೆ. ಮನೆಮನೆ ಸಮೀಕ್ಷೆಗಂತೂ ಯಾರೂ ಬರಲಿಲ್ಲ.

ಇನ್ನು ವರದಿಗೆ ಬರುತ್ತೇನೆ. ನಮ್ಮ ಕಚ್ಚಾವಸ್ತು ಬೀಟೆಮರ ಅಂತ ಬರೆದಿದ್ದೀರಿ. ಬೀಟೆಮರದಲ್ಲಿ ಚಿತ್ರ ಕೂರಿಸುವ ಕೆಲಸ ಮೈಸೂರಿನದು. ನಮ್ಮದು ಆಲೆಮರ. ಬಿಳಿಯ, ಮೆದುವಾದ ಮರ. ಲೇತ್‌ನಲ್ಲಿ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಮೇಲೆ ತಾಳೆಗರಿ ಒತ್ತಿದರೆ ಹೊಳಪು ಬರುತ್ತದೆ. ಯಾವುದೇ ಮನೆಯ ಬಾಗಿಲಲ್ಲಿ ಹತ್ತು ನಿಮಿಷ ನಿಂತಿದ್ದರೂ ಇದು ಕಾಣುತ್ತಿತ್ತು. ಬೇರೆ ಕಡೆಗೆ ಮಾಡಿದ ವರದಿಯನ್ನು ತಂದು ಇಲ್ಲಿ ಅಂಟಿಸಿದ್ದೀರಿ ಅಂತಲೇ ನಮಗೆ ಅನಿಸಿದೆ. ಅದಕ್ಕಿಂತ ದೊಡ್ಡ ತಪ್ಪು ಮುಂದಿನ ಅಧ್ಯಾಯದಲ್ಲಿದೆ. ‘ಅಂಗಡಿಗಳ ಮುಂದೆ ದಿನವೂ ಹಾದುಹೋಗುವ ಮೈಸೂರು ಪ್ರವಾಸಿಗರು ಈ ಊರಿನ ದೊಡ್ಡ ಬಲ’ ಅಂದಿದ್ದೀರಿ. ಆ ಪ್ರವಾಸಿಗರು ಹಾದುಹೋಗುವುದು ನಿಂತಿತು ಅಂತಲೇ ಅಲ್ವಾ ನಾವು ನಿಮ್ಮ ಹತ್ತಿರ ಬಂದದ್ದು? ಹಳೇ ಲೆಕ್ಕ ಇಟ್ಟುಕೊಂಡು ಮುಂದಿನ ಐದು ವರ್ಷದ ಆದಾಯ ಕಟ್ಟಿದ್ದೀರಿ. ಅದನ್ನು ನಂಬಿ ಸಾಲ ಮಾಡಿದವನ ಗತಿ ಏನು?

ಆಟಿಕೆಯ ಗುಣಮಟ್ಟ ನೋಡುವ ಪರೀಕ್ಷಾ ಉಪಕರಣ ಹಾಕಿಸಿ ಅಂತ ನೀವು ಬರೆದಿರುವ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೇಂದ್ರ ಸರ್ಕಾರ 2020ರಲ್ಲಿ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ತಂದಿತು. 2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಇದನ್ನು ಹಿಡಿದುಕೊಂಡು, ಪ್ರತಿ ಮನೆ ಘಟಕವೂ ಸಾಲ ತೆಗೆದು ಪರೀಕ್ಷಾ ಉಪಕರಣ ಹಾಕಿಸಬೇಕು ಅಂತ ಸಲಹೆ ಕೊಟ್ಟಿದ್ದೀರಿ. ಆದರೆ ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗೆ ಆ ಆದೇಶದಿಂದ ವಿನಾಯಿತಿ ಇದೆ. ಭೌಗೋಳಿಕ ಸೂಚಕ (ಇದು ಇಂಥ ಊರಿನದೇ ವಸ್ತು ಅಂತ ಕೊಡುವ ಜಿಐ ಗುರುತು) ಪಡೆದ ವಸ್ತುವಿನ ಅಧಿಕೃತ ಬಳಕೆದಾರರಿಗೂ ಇದೆ. ಚನ್ನಪಟ್ಟಣದ ಗೊಂಬೆಗೆ ಆ ಸೂಚಕ ಸಿಕ್ಕು ವರ್ಷಗಳೇ ಆಗಿವೆ. ನಮ್ಮಲ್ಲಿ ಯಾರ ನೋಂದಣಿ ಆಗಿದೆ, ಯಾರದು ಆಗಿಲ್ಲ, ಆಗದವರಿಗೆ ಮಾಡಿಸುವುದು ಹೇಗೆ ಅಂತ ನೀವು ಹೇಳಬೇಕಿತ್ತು. ನಿಮ್ಮ ಸಲಹೆ ಕೇಳಿದ ಹಿರಿಯರೊಬ್ಬರು ಮಾರನೇ ದಿನ ನನ್ನ ಹತ್ತಿರ ಬಂದು, ಇಷ್ಟೆಲ್ಲ ನನ್ನ ಕೈಲಾಗಲ್ಲ, ಲೇತ್ ಮಾರಿಬಿಡಲಾ ಅಂತ ಕೇಳಿದರು. ಅವರನ್ನು ಸಮಾಧಾನ ಮಾಡಲು ಒಂದು ಸಂಜೆ ಬೇಕಾಯಿತು. ನೀವು ಬರೆದ ಒಂದು ಸಾಲು ಒಂದು ಮನೆಯ ಕಸುಬನ್ನೇ ಮುಚ್ಚಿಸುತ್ತಿತ್ತು. ದಯವಿಟ್ಟು ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ.

ವರದಿಯಲ್ಲಿ ಇಲ್ಲದ್ದೂ ಬೇಕಾದಷ್ಟಿದೆ. ಊರಿನ ಪಕ್ಕದಲ್ಲೇ ದೊಡ್ಡಮಳೂರು ಇದೆ. ಮಕ್ಕಳಾಗಲಿ ಅಂತ ಅಂಬೆಗಾಲು ಕೃಷ್ಣನಿಗೆ ಹರಕೆ ಹೊತ್ತವರು ಅಲ್ಲಿಗೆ ದೂರದೂರದಿಂದ ಬರುತ್ತಾರೆ, ತೊಟ್ಟಿಲು ಒಪ್ಪಿಸುತ್ತಾರೆ. ಎಕ್ಸ್‌ಪ್ರೆಸ್‌ವೇ ಬಿಟ್ಟು ಇಳಿದು ಬರುವ ಜನ ಇವರು. ಮರದ ಪುಟ್ಟ ತೊಟ್ಟಿಲು, ಮಗುವಿನ ಗಿಲಕಿ ಮಾಡುವ ಕೈಗಳು ಇಲ್ಲೇ ಇವೆ. ಇನ್ನು ರೈಲು. ಬೆಂಗಳೂರು–ಮೈಸೂರು ಮಾರ್ಗ ನಮ್ಮ ಊರಿನ ಮೇಲೆಯೇ ಹೋಗುತ್ತದೆ. ನಿಲ್ದಾಣಗಳಲ್ಲಿ ಆಯಾ ಊರಿನ ವಸ್ತು ಮಾರಲು ರೈಲ್ವೆಯವರು 2022ರಲ್ಲಿ ‘ಒಂದು ನಿಲ್ದಾಣ, ಒಂದು ಉತ್ಪನ್ನ’ ಯೋಜನೆ ತಂದಿದ್ದಾರೆ. ನಮ್ಮ ನಿಲ್ದಾಣ ಮಾತ್ರವಲ್ಲ, ಬೆಂಗಳೂರು, ಮೈಸೂರಿನ ನಿಲ್ದಾಣಗಳಲ್ಲೂ ನಾವು ಜಾಗ ಕೇಳಬಹುದಾ, ಮಳಿಗೆ ಸರದಿ ಹೇಗೆ ಹಂಚಿಕೊಳ್ಳಬೇಕು? ಇಂಥದ್ದಕ್ಕೇ ಸಲಹೆಗಾರರು ಬೇಕು ಅಂತ ನಾನು ಸಂಘದಲ್ಲಿ ವಾದ ಮಾಡಿ ಎಲ್ಲರನ್ನೂ ಒಪ್ಪಿಸಿದ್ದೆ. ಮಳೂರಿನ ಹೆಸರಾಗಲಿ, ರೈಲಿನ ಮಾತಾಗಲಿ ವರದಿಯಲ್ಲಿ ಎಲ್ಲೂ ಇಲ್ಲ.

ಹಾಗಾಗಿ ನಮ್ಮ ಬೇಡಿಕೆ ಹೀಗಿದೆ. ಈ ಪತ್ರ ತಲುಪಿದ 30 ದಿನದೊಳಗೆ ಬಾಕಿ ಇರುವ ಮೂರು ಸಭೆ ನಡೆಸಿ. ಸಂಜೆ 7ರ ಮೇಲೆ ಅಥವಾ ಭಾನುವಾರ ಇಟ್ಟುಕೊಳ್ಳಿ, ಕನ್ನಡದಲ್ಲೇ ಮಾತಾಡಿ. ಸಮೀಕ್ಷೆಯನ್ನು ನಿಜವಾಗಿ ಮಾಡಿ. ಬೈಪಾಸ್ ಆದ ಮೇಲಿನ ವ್ಯಾಪಾರದ ಲೆಕ್ಕ ಹಿಡಿದು ವರದಿಯನ್ನು ಮತ್ತೆ ಬರೆದು ಕನ್ನಡದಲ್ಲಿ ಕೊಡಿ. ಅಲ್ಲಿಯವರೆಗೆ ಉಳಿದ 90 ಸಾವಿರ ಕೊಡುವುದಿಲ್ಲ. ಇದು ನಿಮ್ಮಿಂದ ಆಗದಿದ್ದರೆ, ನಡೆದ ಒಂದು ಸಭೆಯ ಖರ್ಚು ಹಿಡಿದುಕೊಂಡು ಮಿಕ್ಕ ಹಣ ವಾಪಸ್ ಮಾಡಿ. ಎರಡೂ ಆಗದಿದ್ದರೆ ಒಪ್ಪಂದದ ಪ್ರತಿ, ರಸೀದಿ, ನಿಮ್ಮ ವರದಿ ಇಷ್ಟನ್ನೂ ಇಟ್ಟುಕೊಂಡು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ.

ಅಲ್ಲಿಗೆ ಹೋಗುವ ಆಸೆ ನಮಗಿಲ್ಲ. ನಮಗೆ ಬೇಕಿರುವುದು ಕೆಲಸಕ್ಕೆ ಬರುವ ಯೋಜನೆ. ನೀವು ಬರುವ ದಿನವನ್ನು ಎರಡು ದಿನ ಮುಂಚೆ ಫೋನ್ ಮಾಡಿ ತಿಳಿಸಿ. ಬೀದಿ ಬೀದಿಗೆ ಹೋಗಿ ಜನ ಸೇರಿಸುವ ಜವಾಬ್ದಾರಿ ನನ್ನದು. ಅವತ್ತು ಫಾರ್ಮ್ ಮಡಚಿಕೊಂಡು ಹೋದ ಅಕ್ಕನಿಗೆ ಈಗಾಗಲೇ ಹೇಳಿದ್ದೇನೆ, ಮೊದಲು ಮಾತಾಡುವವರು ಅವರೇ.

ಇಂತಿ,
ಕಾರ್ಯದರ್ಶಿ
(ಸಂಘದ ಎಲ್ಲ ಸದಸ್ಯರ ಪರವಾಗಿ)