ಪೊಟ್ಟಣ ಒಲೆಗಿಡುವ ಮೊದಲು

ಚಿ. ಸುಹಾಸನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಸಿಂಗಪುರದಿಂದ ನೀನು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ನಿನ್ನ ಫ್ಯಾಟಿ ಲಿವರ್‌ಗೆ, ಅಂದರೆ ಲಿವರ್‌ನಲ್ಲಿ ಕೊಬ್ಬು ತುಂಬಿದ್ದಕ್ಕೆ, ಕುದಿಸಿ ಕುಡಿ ಅಂತ ಚೀನೀ ಔಷಧಿ ಅಂಗಡಿಯವರು ಕಟ್ಟಿಕೊಟ್ಟ ಪೊಟ್ಟಣದಲ್ಲಿ ಹೊಳೆಯುವ ಕಂದು ಬೀಜ ಇದೆಯಲ್ಲ, ಜ್ಯುವೆ ಮಿಂಗ್ ಝಿ ಅಂತ ಬರೆದಿದ್ದೀಯಲ್ಲ, ಅದು ನಮ್ಮ ಚಗಟೆ ಜಾತಿಯ ಬೀಜ ಮಾರಾಯ! ಆಟಿ ತಿಂಗಳ ಮಳೆಯಲ್ಲಿ ಅಜ್ಜಿ ಗದ್ದೆ ಬದಿಯಿಂದ ಕಿತ್ತು ತರುತ್ತಿದ್ದ ಸೊಪ್ಪು, ತುಳುವಿನಲ್ಲಿ ತಜಂಕ್. ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವಳಿಗೆ ನಗು ಬಂತು.

ಗಿಡಮೂಲಿಕೆ ಅಂದರೆ ಮೂಗು ಮುರಿಯುವವಳು ನಾನಲ್ಲ. ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಸಿಕ್ಕಿದ್ದೂ ಚೀನಾದ ಹಳೇ ಮದ್ದಿನ ಗಿಡದಿಂದಲೇ. ಅದನ್ನು ಕಂಡುಹಿಡಿದ ವಿಜ್ಞಾನಿ ತೂ ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ಆದರೆ ಅವರು ಗಿಡದಿಂದ ಒಂದು ಅಂಶವನ್ನು ಬೇರೆ ಮಾಡಿ ಪರೀಕ್ಷೆಗೆ ಒಡ್ಡಿದರು. ನಿನ್ನ ಹಾಗೆ "ಸಾವಿರಾರು ವರ್ಷದ ವೈದ್ಯಪದ್ಧತಿ ಸುಳ್ಳಾಗುತ್ತದಾ" ಅಂತ ಕೇಳಿ ಸುಮ್ನೆ ಕೂತಿದ್ದರೆ ಆಗುತ್ತಿತ್ತಾ?

ಫ್ಯಾಟಿ ಲಿವರ್‌ಗೆ ಗಿಡಮೂಲಿಕೆ ಕೊಟ್ಟು ನೋಡಿದ 77 ಪ್ರಯೋಗಗಳನ್ನು 2013ರಲ್ಲಿ ಕಾಕ್ರೇನ್ ಅನ್ನುವ, ವೈದ್ಯಕೀಯ ಪ್ರಯೋಗಗಳನ್ನು ಪರಿಶೀಲಿಸುವ ಸಂಸ್ಥೆಯವರು ಒಟ್ಟಿಗೆ ತೂಗಿದರು. 6,753 ರೋಗಿಗಳು, 75 ಬಗೆಯ ಔಷಧಿ. ಅಂದರೆ ಹೆಚ್ಚುಕಮ್ಮಿ ಪ್ರಯೋಗಕ್ಕೊಂದು ಮದ್ದು. ಒಬ್ಬರು ಕಂಡದ್ದನ್ನು ಇನ್ನೊಬ್ಬರು ಮತ್ತೆ ನೋಡಿದ್ದು ತೀರಾ ಕಡಿಮೆ. ಸ್ಕ್ಯಾನ್, ರಕ್ತಪರೀಕ್ಷೆ ಸುಧಾರಿಸಿತು ಅಂತ ಹಲವರು ಬರೆದಿದ್ದರು. ಆದರೆ ಪ್ರಯೋಗ ನಡೆಸಿದ ರೀತಿಯೇ ಸಡಿಲ, ಫಲ ಇದ್ದದ್ದಕ್ಕಿಂತ ಜಾಸ್ತಿ ಕಾಣುವ ಹಾಗೆ. ಜೀವ ಉಳಿಯಿತಾ ಅನ್ನುವುದಕ್ಕಂತೂ ಲೆಕ್ಕವೇ ಇರಲಿಲ್ಲ.

ಸ್ವಲ್ಪ ಆಸೆ ಹುಟ್ಟಿಸುವುದು ಬರ್ಬೆರಿನ್. ಹುವಾಂಗ್ ಲಿಯಾನ್ ಅನ್ನುವ ಕಹಿ ಬೇರಿನಲ್ಲೂ ನಮ್ಮ ಮರದರಿಶಿನದಲ್ಲೂ ಇರುವ ಹಳದಿ ಅಂಶ ಅದು. 2015ರಲ್ಲಿ ಪ್ರಕಟವಾದ ಚೀನಾದ ಒಂದು ಪ್ರಯೋಗದಲ್ಲಿ 184 ಜನ ಇದ್ದರು, 16 ವಾರ ನಡೆಯಿತು. ಬರ್ಬೆರಿನ್ ಜೊತೆಗೆ ಪಥ್ಯ, ವ್ಯಾಯಾಮ ಮಾಡಿದವರ ಲಿವರ್ ಕೊಬ್ಬು ಸುಮಾರು 53% ಇಳಿಯಿತು. ಬರೀ ಪಥ್ಯ, ವ್ಯಾಯಾಮ ಮಾಡಿದವರದ್ದು 36%. ಬಿಟ್ಟಿ ಸಿಗುವ ಆ 36 ನೋಡು!

ನನಗೆ ಭಯ ಆಗಿದ್ದು ನಿನ್ನ ಪೊಟ್ಟಣದಲ್ಲಿನ ಕೆಂಪು ಕಂದು ಬಿಲ್ಲೆಗಳನ್ನು ನೋಡಿ. ಹ ಶೌ ವು ಇದೆಯಾ ಅಂತ ಅಂಗಡಿಯಲ್ಲಿ ಕೇಳು. ಕೂದಲು ಕಪ್ಪಾಗಲಿ ಅಂತಲೂ ತಿನ್ನುವ ಬೇರು ಅದು. ಅದರಿಂದ ಲಿವರ್‌ಗೇ ಪೆಟ್ಟು ಬಿದ್ದ ರೋಗಿಗಳು ಎಷ್ಟೋ ಜನ. ಚೀನಾದ ಔಷಧಿ ಇಲಾಖೆಯೇ ಎಚ್ಚರಿಕೆ ಕೊಟ್ಟಿದೆ. ನಮ್ಮವರೇನು ಕಡಿಮೆಯಲ್ಲ. ಕೊರೋನಾ ಕಾಲದಲ್ಲಿ ನಾನೂ ದಿನಾ ಅಮೃತಬಳ್ಳಿ ಕಷಾಯ ಕುಡಿದೆ. ಅದನ್ನು ಕುಡಿದು ಕಾಮಾಲೆಯಾದವರ ಬಗ್ಗೆ ಮುಂಬೈ ವೈದ್ಯರು ಬರೆದ ಮೇಲೆ ಬಿಟ್ಟೆ.

ಈಗ ಮಾಡಬೇಕಾದ್ದು ಇಷ್ಟು. ಪೊಟ್ಟಣದಲ್ಲಿ ಏನೇನಿದೆ ಅಂತ ಅಂಗಡಿಯವರಿಂದ ಬರೆಸಿಕೊಂಡು ನಿನ್ನ ಡಾಕ್ಟರಿಗೆ ತೋರಿಸು. ಅಲ್ಲಿಯವರೆಗೆ ಕುದಿಸಬೇಡ. ನಿನ್ನ ತೂಕ 86 ಅಂದೆ. ನಿಧಾನವಾಗಿ ಆರು, ಎಂಟು ಕಿಲೋ ಇಳಿಸಿದರೆ ಲಿವರ್‌ನ ಉರಿಯೂತವೂ ತಗ್ಗುತ್ತದೆ. ರಾತ್ರಿ ಹನ್ನೊಂದಕ್ಕೆ ತರಿಸಿ ತಿನ್ನುವ ಆ ನೂಡಲ್ಸ್, ಬಿಯರ್ ಮೊದಲು ಬಿಡು.

ಆಟಿಯಲ್ಲಿ ರಜೆ ಹಾಕಿ ಬಾ. ಚಗಟೆ ಸೊಪ್ಪಿನ ಪಲ್ಯ ಮಾಡಿ ಹಾಕುತ್ತೇನೆ. ಅಂಬಡೆ ಕೇಳಬೇಡ, ಎಣ್ಣೆ.

ನಿನ್ನ
ದೊಡ್ಡಮ್ಮ