ಹಡಗು ಹತ್ತಲು ಹೊರಟ ಮಗಳಿಗೊಂದು ಪತ್ರ

ಪುಟ್ಟೀ,

ನಿನ್ನ ಮೆಸೇಜ್ ಓದಿದೆ. ಕ್ರೂಸ್ ಹಡಗಿನ ಮಕ್ಕಳ ಕ್ಲಬ್‌ನಲ್ಲಿ ಕೆಲಸ ಸಿಕ್ಕಿದೆ, ಆಟ ಆಡಿಸಿದ್ದಕ್ಕೇ ಸಂಬಳ, ಜೊತೆಗೆ ಪುಕ್ಕಟೆ ಪ್ರವಾಸ ಅಂತ ಬರೆದಿದ್ದೀಯ. ತುಂಬಾ ಖುಷಿಯಾಯಿತು. ಆದರೆ ಆ ಸಾಲಿನ ಬಗ್ಗೆ ನನ್ನದೊಂದು ತಕರಾರಿದೆ. ನಾನು ಹಡಗಿನಲ್ಲಿ ಕ್ಯಾಬಿನ್ ಗುಡಿಸಿ, ಹಾಸಿಗೆ ಹಾಸಿದವಳು, ಮಕ್ಕಳ ವಿಭಾಗದವಳಲ್ಲ ನಿಜ. ಆದರೆ ಆ ವಿಭಾಗದ ಹುಡುಗಿಯರ ಜೊತೆ ಒಂದೇ ಪುಟ್ಟ ಕೋಣೆಯಲ್ಲಿ ಬದುಕಿದ್ದೇನೆ, ಅವರು ರಾತ್ರಿ ಬಂದು ಶೂ ಬಿಚ್ಚುತ್ತಾ ಗೊಣಗುವುದನ್ನೆಲ್ಲ ಕೇಳಿಸಿಕೊಂಡಿದ್ದೇನೆ. ಮಕ್ಕಳ ಬಗ್ಗೆ ಗೊಣಗಿದ್ದು ಕಡಿಮೆ. ಜಾಸ್ತಿ ಗೊಣಗಿದ್ದು ಅಪ್ಪ ಅಮ್ಮಂದಿರ ಬಗ್ಗೆ!

ನಿನ್ನ ಕೆಲಸದ ಅರ್ಧ ಭಾಗ ಬಾಗಿಲಲ್ಲೇ ನಡೆಯುತ್ತದೆ. ಮಗುವಿಗೆ ಅಲರ್ಜಿ ಏನು, ಯಾರು ಬಂದರೆ ಕಳಿಸಬಹುದು, ಎಲ್ಲ ಮೊದಲೇ ಬರೆಸಿಕೊಳ್ಳುತ್ತಾರೆ. ತುಂಬಾ ಹಡಗುಗಳಲ್ಲಿ ಕ್ಲಬ್‌ಗೆ ಬರಲು ಮೂರು ವರ್ಷ ತುಂಬಿರಬೇಕು, ಡೈಪರ್ ಬಿಟ್ಟಿರಬೇಕು. 'ಇನ್ನೆರಡು ತಿಂಗಳಿಗೆ ಮೂರು ತುಂಬುತ್ತೆ, ಒಂದು ಗಂಟೆ ಇಟ್ಕೊಳ್ಳಿ' ಅನ್ನುವವರು ಬಂದೇ ಬರುತ್ತಾರೆ. ಇನ್ನೊಂದು ದಿನ ಪಟ್ಟಿಯಲ್ಲಿ ಹೆಸರೇ ಇಲ್ಲದ ಚಿಕ್ಕಪ್ಪ ಬರುತ್ತಾನೆ, ಮಗು ಓಡಿ ಹೋಗಿ ಅವನ ಕಾಲು ಅಪ್ಪಿಕೊಳ್ಳುತ್ತದೆ, ಅವನು ಚಿಕ್ಕಪ್ಪನೇ ಅನ್ನುವುದರಲ್ಲಿ ನಿನಗೆ ಎಳ್ಳಷ್ಟೂ ಅನುಮಾನ ಇರುವುದಿಲ್ಲ. ಆದರೂ ಕಳಿಸಬಾರದು. ನಗುತ್ತಲೇ ಇಲ್ಲ ಅನ್ನು, ತಾಯಿಗೆ ಫೋನ್ ಮಾಡಿಸು, ಅವನು ಕೂಗಾಡಿದರೆ ಮೇಲಿನವರನ್ನು ಕರೆ. ದಾಕ್ಷಿಣ್ಯಕ್ಕೆ ಬಸಿರಾಗುವ ಸ್ವಭಾವ ನಿನ್ನದು, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಆಮೇಲೆ ತಲೆ ಎಣಿಸುವುದು. ಆಟದ ನಡುವೆ, ಟಾಯ್ಲೆಟ್‌ಗೆ ಹೋಗಿ ಬಂದ ಮೇಲೆ, ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ, ಎಣಿಸುತ್ತಲೇ ಇರಬೇಕು. ಹಡಗು ಬಂದರಿನಲ್ಲಿ ನಿಂತ ದಿನ ಎಷ್ಟೋ ಮನೆಯವರು ಮಕ್ಕಳನ್ನು ಕರೆದುಕೊಂಡು ಇಳಿದುಬಿಡುತ್ತಾರೆ. ಇಡೀ ದಿನ ಸಮುದ್ರದಲ್ಲೇ ಸಾಗುವಾಗ ನೋಡಬೇಕು ಗದ್ದಲ! ಯಾವ ಮಗುವಿನ ಜೊತೆಗೂ ಒಂಟಿಯಾಗಿ ಇರಬೇಡ, ಇನ್ನೊಬ್ಬ ಸಿಬ್ಬಂದಿಯ ಕಣ್ಣಳತೆಯಲ್ಲೇ ಇರು. ನಿನ್ನ ಸ್ವಂತ ಫೋನಿನಲ್ಲಿ ಅವರ ಫೋಟೋ ತೆಗೆಯಬೇಡ. ಕೊನೆಯ ದಿನ ದೊಡ್ಡ ಹುಡುಗರು ಇನ್‌ಸ್ಟಾಗ್ರಾಮ್ ಐಡಿ ಕೇಳುತ್ತಾರೆ, ಕೊಡಬೇಡ. ಕಲ್ಲು ಮನಸ್ಸು ಅನ್ನಿಸಬಹುದು, ಆದರೆ ಈ ನಿಯಮ ಮಗುವನ್ನೂ ಕಾಯುತ್ತದೆ, ನಿನ್ನನ್ನೂ ಕಾಯುತ್ತದೆ.

ಭಾಷೆ ಬಾರದ ಮಕ್ಕಳು ಬಂದರೆ ಹೆದರಬೇಡ. ಬಾಗಿಲು ಹಾಕಿದ ಕೂಡಲೇ ಅಳುವ ಮಗುವಿಗೆ ಯಾವ ಭಾಷೆಯಲ್ಲಿ ಸಮಾಧಾನ ಹೇಳಿದರೂ ಅಷ್ಟೇ. ಸುಮ್ನೆ ಪಕ್ಕದಲ್ಲಿ ಕೂತು ನೀನೇ ಬಣ್ಣ ಹಚ್ಚಲು ಶುರು ಮಾಡು. ಸ್ವಲ್ಪ ಹೊತ್ತಿಗೆ ನಿನ್ನ ಕೈಯಿಂದ ಬಣ್ಣದ ಪೆನ್ಸಿಲ್ ಕಿತ್ತುಕೊಳ್ಳುತ್ತದೆ. ಇದು ನಿನಗೆ ನನಗಿಂತ ಚೆನ್ನಾಗಿ ಗೊತ್ತು, ಬಿಡು.

ಕೈ ತೊಳೆಯುವ ವಿಷಯ ಮಾತ್ರ ಬಿಡಲ್ಲ. ಹಡಗಿನಲ್ಲಿ ನೊರೋವೈರಸ್ ಬಂತೆಂದರೆ ವಾಂತಿ, ಭೇದಿ ಒಬ್ಬರಿಂದೊಬ್ಬರಿಗೆ ಬೇಗ ಹರಡುತ್ತದೆ, ಮಕ್ಕಳು ಸೇರುವ ಜಾಗದಲ್ಲಂತೂ ಕೇಳಲೇಬೇಡ. ಸ್ಯಾನಿಟೈಸರ್‌ಗೆ ಈ ವೈರಸ್ ಅಷ್ಟಾಗಿ ಜಗ್ಗುವುದಿಲ್ಲ. ಸೋಪು, ನೀರು, ಕನಿಷ್ಠ 20 ಸೆಕೆಂಡು. ನಿನಗೇ ಹೊಟ್ಟೆ ಕೆಟ್ಟರೆ ಮುಚ್ಚಿಟ್ಟು ಕೆಲಸಕ್ಕೆ ಹೋಗಬೇಡ, ತಕ್ಷಣ ಹಡಗಿನ ಡಾಕ್ಟರಿಗೆ ಹೇಳು.

ಅಪಾಯದ ಸೈರನ್ ಅಭ್ಯಾಸ ನಿನಗೆ ಬೋರ್ ಹೊಡೆಸುತ್ತದೆ, ಗೊತ್ತು. ಏಳು ಸಲ ಗಿಡ್ಡ ಕೂಗು, ಒಂದು ಸಲ ಉದ್ದ ಕೂಗು. 2012ರ ಜನವರಿಯಲ್ಲಿ ಇಟಲಿಯ ಜಿಲಿಯೋ ದ್ವೀಪದ ಹತ್ತಿರ ಕೋಸ್ಟಾ ಕಾಂಕೋರ್ಡಿಯಾ ಅನ್ನುವ ಕ್ರೂಸ್ ಹಡಗು ಬಂಡೆಗೆ ಬಡಿದು 32 ಜನ ಸತ್ತರಲ್ಲ, ಅವತ್ತು ಸಂಜೆ ಹಡಗು ಹತ್ತಿದ ನೂರಾರು ಪ್ರಯಾಣಿಕರಿಗೆ ಅಭ್ಯಾಸವೇ ಆಗಿರಲಿಲ್ಲ. ಆಗ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. ಈಗ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಮಾಡಲೇಬೇಕು. ಪುಟ್ಟ ಮಕ್ಕಳ ಕೈಗೆ ಕಟ್ಟುವ ಪಟ್ಟಿಯ ಮೇಲೆ ಅವರು ಸೇರಬೇಕಾದ ಜಾಗದ ಗುರುತು ಇರುತ್ತದೆ. ಕ್ಲಬ್ ತುಂಬಾ ಮಕ್ಕಳಿರುವಾಗ ಸೈರನ್ ಕೂಗಿದರೆ ಅವರನ್ನು ಯಾರು, ಯಾವ ದಾರಿಯಲ್ಲಿ, ಎಲ್ಲಿಗೆ ಕರೆದೊಯ್ಯಬೇಕು? ಒಂದೊಂದು ಹಡಗಿನಲ್ಲಿ ಒಂದೊಂದು ಪದ್ಧತಿ. ಮೊದಲ ವಾರದಲ್ಲೇ ಕೇಳಿ, ಆ ದಾರಿಯಲ್ಲಿ ನೀನೇ ಒಮ್ಮೆ ನಡೆದು ನೋಡು.

ಇನ್ನು ನಿದ್ದೆ. ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದ ಅಂತ 2006ರದ್ದು ಒಂದಿದೆ, 2013ರಲ್ಲಿ ಜಾರಿಗೆ ಬಂತು. ಅದರ ಅಳತೆಯಲ್ಲಿ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಸಿಗಬೇಕು. ದಿನದ ವಿಶ್ರಾಂತಿಯನ್ನು ಎರಡೇ ತುಂಡು ಮಾಡಬಹುದು, ಅದರಲ್ಲಿ ಒಂದು 6 ಗಂಟೆಗಿಂತ ಕಡಿಮೆ ಇರಬಾರದು. ಲೆಕ್ಕ ಹಾಕಿ ನೋಡು, ಹಾಗಿದ್ದರೂ ಕೆಲಸ ಎಷ್ಟು ಉದ್ದ ಎಳೆಯಬಹುದು ಅಂತ! ರಜೆ ಅನ್ನುವ ಪೂರ್ತಿ ದಿನ ಸಿಗುವುದು ಅಪರೂಪ. ವಿಶ್ರಾಂತಿ ಸಿಗದ ದಿನ ಸಿಕ್ಕಿತು ಅಂತ ಗಂಟೆಗಳ ಲೆಕ್ಕದ ಹಾಳೆಯಲ್ಲಿ ಬರೆಯಲು ಯಾರಾದರೂ ಹೇಳಿದರೆ ಬರೆಯಬೇಡ. ನಿದ್ದೆಗೆಟ್ಟವಳು ತಲೆ ಎಣಿಸಿದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಕೆಲಸ ಕೊಡಿಸಿದ್ದಕ್ಕೆ ದುಡ್ಡು ಕೊಡು ಅಂತ ಏಜೆಂಟ್ ಕೇಳಿದನಾ? ಅದೇ ಒಪ್ಪಂದದ ಪ್ರಕಾರ ಹಾಗೆ ಕೇಳುವಂತಿಲ್ಲ. ಪಾಸ್‌ಪೋರ್ಟ್, ಮೆಡಿಕಲ್, ನಾವಿಕರ ಪುಸ್ತಕ ಅಂದರೆ ಹಡಗಿನ ಕೆಲಸದವರ ದಾಖಲೆ ಪುಸ್ತಕ, ಇವುಗಳ ಖರ್ಚು ನಮ್ಮದಾಗಬಹುದು, ವೀಸಾ ಖರ್ಚು ಹಡಗಿನವರದು. ಕಾಂಟ್ರಾಕ್ಟ್ ಬಂದ ಕೂಡಲೇ ಸಹಿ ಹಾಕಬೇಡ, ನನಗೆ ಕಳಿಸು. ಅವಧಿ ಮುಗಿದಾಗ ವಾಪಸ್ ಟಿಕೆಟ್ ಯಾರು ಕೊಡುತ್ತಾರೆ ಅನ್ನುವ ಸಾಲನ್ನು ಇಬ್ಬರೂ ಕೂತು ಓದೋಣ.

ಅಮ್ಮ